ಟವರ್ ಕಡೆ ಹಿಡಿದರೆ ಗೈಗರ್ ಕೌಂಟರ್ ಮೂರು ಪಟ್ಟು ಜಾಸ್ತಿ ತೋರಿಸುತ್ತಿದೆ. ಯಾರಾದರೂ ಬಿಡಿಸಿ ಹೇಳ್ತೀರಾ?

ಮಹಡಿ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಮನೆ. ಎದುರು ಕಟ್ಟಡದ ನೆತ್ತಿ ಮೇಲೆ ಮೊಬೈಲ್ ಟವರ್ ಇದೆ. ಮಗಳು ರಜೆಯಲ್ಲಿ ಹೊತ್ತೆಲ್ಲ ಆಡುವುದು ನಮ್ಮ ತಾರಸಿಯಲ್ಲೇ. ಅದನ್ನು ನೋಡಿದಾಗಲೆಲ್ಲ ನನಗೆ ಒಂದು ಅಳುಕು. ಕೊನೆಗೆ ಹೋದ ತಿಂಗಳು ಆನ್‌ಲೈನ್‌ನಲ್ಲಿ ರೇಡಿಯೇಷನ್ ಎಣಿಸುವ ಒಂದು ಗೈಗರ್ ಕೌಂಟರ್ ಕಿಟ್ ತರಿಸಿದೆ. ಪೆನ್ಸಿಲ್ ದಪ್ಪದ ಗಾಜಿನ ಕೊಳವೆ, ಅದರ ಕೆಳಗೆ ಬೋರ್ಡು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಲಗೆ. ಅಷ್ಟೇ.

ಮನೆಯೊಳಗೆ ನಿಮಿಷಕ್ಕೆ 25 ಟಿಕ್ ಆಸುಪಾಸು ಬರುತ್ತದೆ. ಪರದೆ ಮೇಲೆ ಗಂಟೆಗೆ 0.16 ಮೈಕ್ರೋಸೀವರ್ಟ್ ಅಂತ ತೋರಿಸುತ್ತದೆ. ನಿನ್ನೆ ಮಧ್ಯಾಹ್ನ ತಾರಸಿಗೆ ಒಯ್ದು ಟವರ್ ಕಡೆ ಹಿಡಿದೆ. 90 ದಾಟಿತು. ಕೈ ನಡುಗಿತು. ಮಗಳನ್ನು ಕೂಡಲೇ ಕೆಳಗೆ ಕರೆದುಕೊಂಡು ಬಂದೆ.

ಇನ್ನೊಂದು ವಿಚಿತ್ರ. ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಇಟ್ಟರೆ 38 ಬರುತ್ತದೆ. ಎರಡೂ ನನಗೆ ಅರ್ಥ ಆಗುತ್ತಿಲ್ಲ. ತಿಳಿದವರು ಹೇಳಿ.

ಬೆಸುಗೆ ಕಡ್ಡಿ

ಮೊದಲು ಗಾಬರಿ ಬಿಡಿ. ಆಮೇಲೆ ಒಂದು ಪ್ರಶ್ನೆಗೆ ಉತ್ತರ ಕೊಡಿ. ತಾರಸಿಯಲ್ಲಿ ಹಿಡಿದಾಗ ಕೊಳವೆ ಮೇಲೆ ನೇರ ಬಿಸಿಲು ಬೀಳುತ್ತಿತ್ತಾ?

ಬೀಳುತ್ತಿತ್ತು ಅಂದರೆ ಕಾರಣ ಬಹುಶಃ ಅದೇ. ಈ ಗಾಜಿನ ಕೊಳವೆಗಳಿಗೆ ಬೆಳಕೂ ಒಂದು ತೊಂದರೆ. ಬಿಸಿಲಿನಲ್ಲಿರುವ ನೀಲಿ ಮತ್ತು ಅತಿನೇರಳೆ ಬೆಳಕು ಒಳಗೋಡೆಯ ಲೇಪದಿಂದ ಎಲೆಕ್ಟ್ರಾನ್ ಕಿತ್ತು ಹಾಕಬಲ್ಲದು. ಕೊಳವೆಗೆ ಒಂದೇ ಒಂದು ಎಲೆಕ್ಟ್ರಾನ್ ಸಾಕು, ಟಿಕ್ ಅಂದುಬಿಡುತ್ತದೆ. ಆ ಎಲೆಕ್ಟ್ರಾನ್ ಗಾಮಾ ಕಿರಣದಿಂದ ಬಂತೋ ಬಿಸಿಲಿನಿಂದ ಬಂತೋ ಅದಕ್ಕೆ ಗೊತ್ತಾಗುವುದಿಲ್ಲ.

ಪರೀಕ್ಷೆ ಸುಲಭ. ಕಿಟ್ ಅನ್ನು ದಪ್ಪ ಕಪ್ಪು ಬಟ್ಟೆಯಲ್ಲಿ ಸುತ್ತಿ, ಅದೇ ಜಾಗಕ್ಕೆ ಹೋಗಿ, ಅದೇ ಟವರ್ ಕಡೆ ಹಿಡಿಯಿರಿ. ರಾತ್ರಿ ಒಮ್ಮೆ ಬಟ್ಟೆ ಇಲ್ಲದೆ ಹಿಡಿಯಿರಿ. ಟವರ್ ರಾತ್ರಿಯೂ ಕೆಲಸ ಮಾಡುತ್ತದೆ, ಸೂರ್ಯ ಮಾಡುವುದಿಲ್ಲ.

ಒಂದು ಎಚ್ಚರ. ಆ ಬೋರ್ಡಿನಲ್ಲಿ 400 ವೋಲ್ಟ್ ಇರುತ್ತದೆ. ಹಲಗೆಯ ಪಕ್ಕದಿಂದ ಮಗು ಬೆರಳು ಹಾಕದಂತೆ ನೋಡಿಕೊಳ್ಳಿ. ಮೊಬೈಲ್ ಅನ್ನೂ ಬೋರ್ಡಿನ ಹತ್ತಿರ ಇಡಬೇಡಿ. ಅಗ್ಗದ ಸರ್ಕ್ಯೂಟ್‌ಗಳು ಫೋನಿನ ಸಿಗ್ನಲ್‌ಗೂ ಕೆಲವೊಮ್ಮೆ ಸುಳ್ಳು ಟಿಕ್ ಕೊಡುತ್ತವೆ.

ಮಹಡಿ ಮನೆ

ಹೌದು, ಒಂದು ಗಂಟೆ ಹೊತ್ತಿನ ಉರಿ ಬಿಸಿಲು. ಇವತ್ತೇ ಮಾಡಿ ನೋಡುತ್ತೇನೆ. ಆದರೆ ಬಿಸಿಲಿನ ವಿಷಯ ಬದಿಗಿಟ್ಟರೂ ಟವರ್‌ನಿಂದ ರೇಡಿಯೇಷನ್ ಬರುವುದು ನಿಜ ಅಲ್ವಾ? ಅದು ಈ ಮೀಟರ್‌ನಲ್ಲಿ ಎಷ್ಟು ತೋರಿಸಬೇಕು?

ನಿವೃತ್ತ ಮೇಷ್ಟ್ರು

ಏನೂ ತೋರಿಸಬಾರದು. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕೂತು ಓದಿ. ಮೂವತ್ತು ವರ್ಷ ಶಿವಮೊಗ್ಗದ ಕಡೆ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದ್ದೇನೆ. ಈ ಗೊಂದಲ ಪ್ರತಿ ವರ್ಷವೂ ಬರುತ್ತಿತ್ತು.

ರೇಡಿಯೇಷನ್ ಅನ್ನುವ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ಬೇರೆ ವಿಷಯಗಳನ್ನು ಕಟ್ಟಿಹಾಕಿದ್ದೇವೆ. ಒಂದು, ಅಣುವಿನಿಂದ ಎಲೆಕ್ಟ್ರಾನ್ ಕಿತ್ತು ಹಾಕುವಷ್ಟು ಬಲ ಇರುವುದು. ಆಲ್ಫಾ, ಬೀಟಾ, ಗಾಮಾ, ಎಕ್ಸ್‌ರೇ ಈ ಗುಂಪಿನವು. ಇನ್ನೊಂದು, ಅಷ್ಟು ಬಲ ಇಲ್ಲದ್ದು. ಬೆಳಕು, ರೇಡಿಯೋ, ಮೊಬೈಲ್ ಅಲೆಗಳು ಎರಡನೇ ಗುಂಪಿಗೆ ಸೇರುತ್ತವೆ.

ನಿಮ್ಮ ಕೊಳವೆಯೊಳಗೆ ನಿಯಾನ್ ಅಥವಾ ಆರ್ಗಾನ್ ಅನಿಲ ಕಡಿಮೆ ಒತ್ತಡದಲ್ಲಿ ಇರುತ್ತದೆ. ಆರ್ಗಾನ್‌ನಿಂದ ಒಂದು ಎಲೆಕ್ಟ್ರಾನ್ ಕೀಳಬೇಕಾದರೆ ಸುಮಾರು 16 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಟವರ್ ಅಲೆಯ ಒಂದು ಫೋಟಾನ್‌ನಲ್ಲಿ, ಅಂದರೆ ಅಲೆಯ ಅತಿ ಸಣ್ಣ ತುಣುಕಿನಲ್ಲಿ, ಇರುವುದು ಅದರ ಹತ್ತು ಲಕ್ಷದಲ್ಲಿ ಒಂದು ಪಾಲು. ಫೋಟಾನ್‌ಗಳನ್ನು ಎಷ್ಟು ರಾಶಿ ಹಾಕಿದರೂ ಅವು ಕೈಜೋಡಿಸಿ ಒಂದು ಎಲೆಕ್ಟ್ರಾನ್ ಕೀಳುವುದಿಲ್ಲ. ಬಿಸಿಲಿಗೆ ಮಾತ್ರ ಗೋಡೆಯ ಲೇಪದಿಂದ ಕೀಳುವಷ್ಟು ಬಲ ಇದೆ. ಅಲ್ಲಿ ಕೆಲವೇ ಎಲೆಕ್ಟ್ರಾನ್ ವೋಲ್ಟ್ ಸಾಕು.

ಇನ್ನು ಟಿಕ್ ಹೇಗೆ ಬರುತ್ತದೆ ಅಂತ. ಕೊಳವೆಯ ನಡುವೆ ಒಂದು ತೆಳುವಾದ ತಂತಿ. ತಂತಿಗೂ ಗೋಡೆಗೂ ನಡುವೆ 400 ವೋಲ್ಟ್. ಕಣವೊಂದು ನುಗ್ಗಿ ಅನಿಲದಲ್ಲಿ ಒಂದು ಎಲೆಕ್ಟ್ರಾನ್ ಬಿಡಿಸಿದರೆ ಅದು ತಂತಿಯ ಕಡೆ ಓಡುತ್ತದೆ. ತಂತಿ ಹತ್ತಿರ ಆದ ಹಾಗೆ ವೇಗ ಏರುತ್ತದೆ. ದಾರಿಯಲ್ಲಿ ಇನ್ನೊಂದು ಅಣುವಿಗೆ ಬಡಿದು ಇನ್ನೊಂದು ಎಲೆಕ್ಟ್ರಾನ್ ಬಿಡಿಸುತ್ತದೆ. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಕೋಟಿಗಟ್ಟಲೆ ಆಗುತ್ತದೆ. ಆ ಗಲಾಟೆಯಲ್ಲಿ ಹುಟ್ಟುವ ಅತಿನೇರಳೆ ಬೆಳಕು ತಂತಿಯ ಉದ್ದಕ್ಕೂ ಕಿಡಿ ಹಬ್ಬಿಸುತ್ತದೆ. ಇಡೀ ಕೊಳವೆ ಒಮ್ಮೆಗೆ ಸಿಡಿಯುತ್ತದೆ.

ದೀಪಾವಳಿಯ ಸರಪಟಾಕಿ ನೆನಪಿಸಿಕೊಳ್ಳಿ. ಬತ್ತಿಗೆ ಬೆಂಕಿಕಡ್ಡಿ ತಾಗಿಸಿದರೂ ಪಂಜು ತಾಗಿಸಿದರೂ ಇಡೀ ಸರ ಒಂದೇ ರೀತಿ ಸಿಡಿಯುತ್ತದೆ. ಸದ್ದು ಕೇಳಿ ಹಚ್ಚಿದ್ದು ಯಾವುದು ಅಂತ ಹೇಳಲು ಆಗುವುದಿಲ್ಲ. ಗೈಗರ್ ಕೊಳವೆಯೂ ಹಾಗೆಯೇ. ಅದು ಎಣಿಸುತ್ತದೆ. ಬಂದವರು ಯಾರು, ಎಷ್ಟು ಬಲದವರು ಅಂತ ಕೇಳಬೇಡಿ.

ಸಿಡಿದದ್ದು ನಿಲ್ಲಲೇಬೇಕಲ್ಲ. ಅದಕ್ಕೆ ಅನಿಲದಲ್ಲಿ ಚಿಟಿಕೆಯಷ್ಟು ಬ್ರೋಮಿನ್ ಅಥವಾ ಕ್ಲೋರಿನ್ ಬೆರೆಸಿರುತ್ತಾರೆ. ಅದು ಕಿಡಿ ಆರಿಸುತ್ತದೆ. ಆರಿ ಮತ್ತೆ ಸಿದ್ಧವಾಗಲು ಸುಮಾರು 100ರಿಂದ 200 ಮೈಕ್ರೋಸೆಕೆಂಡ್ ಬೇಕು. ಆ ಹೊತ್ತಿನಲ್ಲಿ ಇನ್ನೊಂದು ಕಣ ಬಂದರೆ ಕೊಳವೆಗೆ ಕಾಣುವುದಿಲ್ಲ.

1908ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ರುದರ್‌ಫರ್ಡ್ ಜೊತೆ ಹ್ಯಾನ್ಸ್ ಗೈಗರ್ ಮೊದಲು ಮಾಡಿದ್ದು ಆಲ್ಫಾ ಕಣ ಎಣಿಸುವ ಸಾಧನ. ಇವತ್ತು ನಿಮ್ಮ ಕೈಯಲ್ಲಿರುವ ರೂಪ ಬಂದದ್ದು 1928ರಲ್ಲಿ, ಜರ್ಮನಿಯ ಕೀಲ್‌ನಲ್ಲಿ, ಶಿಷ್ಯ ವಾಲ್ಟರ್ ಮುಲ್ಲರ್ ಜೊತೆಗೆ. ನೂರು ವರ್ಷ ಆಗುತ್ತಾ ಬಂತು. ಮೂಲ ವಿನ್ಯಾಸ ಹಾಗೇ ಇದೆ. ಪಾಠ ಮಾಡುವಾಗಲೆಲ್ಲ ಇದನ್ನು ಹೇಳಲು ನನಗೆ ತುಂಬ ಖುಷಿ.

ಚಾವಡಿ

ಹಾಗಾದರೆ ಟವರ್ ಸೇಫ್ ಅಂತೀರಾ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು

ಈ ಮೀಟರ್ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ ಅಂತ ಹೇಳುತ್ತಿದ್ದೇನೆ. ಜ್ವರ ಅಳೆಯುವ ಥರ್ಮಾಮೀಟರ್ ಹಿಡಿದು ಬಿಪಿ ನೋಡಿದ ಹಾಗೆ ಆಗುತ್ತದೆ. ಟವರ್ ಅಲೆ ಅಳೆಯಲು ಆಂಟೆನಾ ಇರುವ ಬೇರೆ ಮೀಟರ್ ಇದೆ. ಅದರ ಲೆಕ್ಕ ಚದರ ಮೀಟರಿಗೆ ಎಷ್ಟು ವ್ಯಾಟ್ ಅಂತ. 2012ರಲ್ಲಿ ನಮ್ಮ ಸರ್ಕಾರ ಅದರ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ಆ ಚರ್ಚೆ ಬೇಕಿದ್ದರೆ ಬೇರೆ ಎಳೆ ಶುರು ಮಾಡಿ, ಬರುತ್ತೇನೆ.

ಮಹಡಿ ಮನೆ

ಮಾಡಿ ನೋಡಿದೆ. ಕಪ್ಪು ಶಾಲು ಸುತ್ತಿ ಮಧ್ಯಾಹ್ನ ತಾರಸಿಯಲ್ಲಿ ಹಿಡಿದೆ: 23. ರಾತ್ರಿ ಒಂಬತ್ತಕ್ಕೆ ಶಾಲು ಇಲ್ಲದೆ: 26. ಇವತ್ತು ಬೆಳಗ್ಗೆ ಬಿಸಿಲಿಗೆ ಒಡ್ಡಿದೆ, ಮತ್ತೆ 80ರ ಮೇಲೆ ಹೋಯಿತು. ಟವರ್‌ಗೆ ಬೆನ್ನು ಮಾಡಿ ನಿಂತರೂ ಅಷ್ಟೇ.

ಎಷ್ಟು ನಿರಾಳ ಆಯಿತು ಅಂತ ಹೇಳಲಾರೆ. ಮಗಳೂ ಜೊತೆಗೆ ನಿಂತು ಎಣಿಸಿದಳು. ಈಗ ಅವಳ ಪ್ರಶ್ನೆ: "ಟವರ್ ಅಲ್ಲ ಅಂದ್ರೆ, ಮನೆಯೊಳಗೆ ಆ 25 ಎಲ್ಲಿಂದ ಬರ್ತಿದೆ ಅಮ್ಮಾ?"

ನಿವೃತ್ತ ಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ. ಒಂದು ಪಾಲು ಆಕಾಶದಿಂದ, ಉಳಿದದ್ದು ನೆಲದಿಂದ ಮತ್ತು ಗೋಡೆಯಿಂದ.

ಬೆಂಗಳೂರು ನಿಂತಿರುವುದೇ ಬಂಡೆಯ ಮೇಲೆ. ಲಾಲ್‌ಬಾಗ್ ಬಂಡೆ ಹತ್ತಿದ್ದೀರಲ್ಲ, ಅದು ಸುಮಾರು 300 ಕೋಟಿ ವರ್ಷ ಹಳೆಯದು. ಗ್ರಾನೈಟ್ ಜಾತಿಯ ಕಲ್ಲುಗಳಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಸ್ವಲ್ಪ ಸ್ವಲ್ಪ ಇರುತ್ತವೆ. ಅಡುಗೆಮನೆ ಕಟ್ಟೆಯ 38 ಅದೇ. ಹೆದರುವ ಅಂಕಿ ಅಲ್ಲ. ಒಂದು ಅಡಿ ದೂರ ಹಿಡಿದು ನೋಡಿ, ಇಳಿಯುತ್ತದೆ.

ಆಕಾಶದ ಪಾಲನ್ನು ತೋರಿಸಿಕೊಟ್ಟವರು ವಿಕ್ಟರ್ ಹೆಸ್. 1912ರಲ್ಲಿ ಬಲೂನಿನಲ್ಲಿ 5 ಕಿಲೋಮೀಟರಿಗಿಂತ ಮೇಲೆ ಹೋದರು. ನೆಲದಿಂದ ದೂರ ಆದ ಹಾಗೆ ಕಡಿಮೆ ಆಗಬೇಕಿದ್ದ ಅಂಕಿ ಏರುತ್ತಾ ಹೋಯಿತು. ಅದೇ ಕಾಸ್ಮಿಕ್ ಕಿರಣ. ಮುಂದಿನ ಸಲ ವಿಮಾನ ಹತ್ತುವಾಗ ಮೀಟರ್ ಒಯ್ಯಲು ಬಿಟ್ಟರೆ ಮಗಳಿಗೆ ತೋರಿಸಿ. 10 ಕಿಲೋಮೀಟರ್ ಮೇಲೆ ಅಂಕಿ ಹತ್ತು ಪಟ್ಟಿಗೂ ಮೀರಿ ಏರುತ್ತದೆ.

ತೋಟದ ದಾರಿ

ನಾನು ಶಿರಸಿ ಕಡೆಯ ಅಡಿಕೆ ಬೆಳೆಗಾರ. ಮಗ ಇಂಜಿನಿಯರಿಂಗ್ ಓದುವಾಗ ಮಾಡಿದ ಇಂಥದ್ದೇ ಒಂದು ಕಿಟ್ ಮನೆಯಲ್ಲಿದೆ. ಅದನ್ನು ತೋಟ, ಕೊಟ್ಟಿಗೆ, ಬಾವಿಕಟ್ಟೆ ಎಲ್ಲ ಕಡೆ ಇಟ್ಟು ನೋಡಿದ್ದೇನೆ. ಎಲ್ಲಕ್ಕಿಂತ ಜಾಸ್ತಿ ಟಿಕ್ ಬಂದದ್ದು ಎಲ್ಲಿ ಗೊತ್ತಾ? ಗೊಬ್ಬರದ ಕೋಣೆಯಲ್ಲಿ. ಪೊಟ್ಯಾಷ್ ಚೀಲದ ಮೇಲೆ. ಯೂರಿಯಾ ಚೀಲದ ಮೇಲೆ ಇಟ್ಟರೆ ಏನೂ ಇಲ್ಲ. ಪಕ್ಕದ ಪೊಟ್ಯಾಷ್ ಮೇಲೆ ಇಟ್ಟರೆ ಎರಡು ಪಟ್ಟಿಗೂ ಹೆಚ್ಚು. ಮೂರು ಸಲ ಅದಲು ಬದಲು ಮಾಡಿ ನೋಡಿದೆ. ಇಷ್ಟು ವರ್ಷ ಬರಿಗೈಯಲ್ಲಿ ಎರಚಿದ್ದೇನೆ. ಏನಾದರೂ ತೊಂದರೆ ಇದೆಯಾ?

ನಿವೃತ್ತ ಮೇಷ್ಟ್ರು

ತೊಂದರೆ ಇಲ್ಲ, ನಿಶ್ಚಿಂತೆಯಿಂದಿರಿ. ಯೂರಿಯಾ ಪಕ್ಕದಲ್ಲಿಟ್ಟು ಹೋಲಿಸಿದ್ದು ಬಹಳ ಒಳ್ಳೆಯ ಕ್ರಮ.

ಭೂಮಿಯಲ್ಲಿರುವ ಎಲ್ಲ ಪೊಟ್ಯಾಸಿಯಂನಲ್ಲೂ ಹತ್ತು ಸಾವಿರಕ್ಕೆ ಒಂದು ಅಣುವಿನ ಲೆಕ್ಕದಲ್ಲಿ ಪೊಟ್ಯಾಸಿಯಂ-40 ಇದೆ. ಅದು ಮೆಲ್ಲಗೆ ಸಿಡಿಯುತ್ತಿರುತ್ತದೆ. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಸಿಡಿತ. ನಿಮ್ಮ 50 ಕಿಲೋ ಚೀಲದಲ್ಲಿ ಅರ್ಧದಷ್ಟು ಪೊಟ್ಯಾಸಿಯಂ ಇರುತ್ತದೆ. ಗುಣಿಸಿದರೆ ಸೆಕೆಂಡಿಗೆ ಏಳೂವರೆ ಲಕ್ಷಕ್ಕೂ ಮೇಲೆ. ಸೆಕೆಂಡಿಗೆ ಒಂದು ಸಿಡಿತ ಅಂದರೆ ಒಂದು ಬೆಕೆರೆಲ್.

ಏಳು ಲಕ್ಷ ಕೇಳಿ ಎದೆ ಝಲ್ ಅನ್ನಬಹುದು. ಆದರೆ ಹೆಚ್ಚಿನವು ಚೀಲದ ಒಳಗೇ ನಿಂತುಬಿಡುತ್ತವೆ. ನಮ್ಮ ಮೈಯಲ್ಲೇ ಪೊಟ್ಯಾಸಿಯಂನಿಂದ ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಸಿಡಿತ ನಡೆಯುತ್ತಿರುತ್ತದೆ. ಬೆಕೆರೆಲ್ ಹೇಳುವುದು ಅಲ್ಲಿ ಎಷ್ಟು ಸಿಡಿಯಿತು ಅಂತ. ಮೈಗೆ ಎಷ್ಟು ತಟ್ಟಿತು ಅಂತ ಹೇಳಲು ಸೀವರ್ಟ್ ಬೇಕು.

ಬೆಸುಗೆ ಕಡ್ಡಿ

ಮಹಡಿ ಮನೆಯವರು 23, 26 ಅಂತ ಬರೆದಿದ್ದಾರಲ್ಲ, ಅದರ ಬಗ್ಗೆ ಒಂದು ಮಾತು. ಅವೆರಡೂ ಒಂದೇ ಅಂಕಿ ಅಂತ ತಿಳಿಯಿರಿ.

ಸಿಡಿತಗಳು ಗಡಿಯಾರದ ಮುಳ್ಳಿನಂತೆ ಲೆಕ್ಕ ಇಟ್ಟು ಬರುವುದಿಲ್ಲ. ಹಂಚಿನ ಮೇಲೆ ಮಳೆಯ ಮೊದಲ ಹನಿಗಳು ಬಿದ್ದ ಹಾಗೆ. ಒಮ್ಮೆ ಎರಡು ಒಟ್ಟಿಗೆ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ. ಎಷ್ಟು ಎಣಿಸಿದ್ದೀರೋ ಅದರ ವರ್ಗಮೂಲದಷ್ಟು ಆಚೀಚೆ ಆಗುವುದು ಸಹಜ. 25 ಎಣಿಸಿದರೆ 5 ಆಚೀಚೆ. ಅಂದರೆ ನೂರಕ್ಕೆ ಇಪ್ಪತ್ತು! ಹತ್ತು ನಿಮಿಷ ಬಿಟ್ಟು 250 ಎಣಿಸಿದರೆ 16 ಆಚೀಚೆ, ಅಂದರೆ ನೂರಕ್ಕೆ ಆರೂವರೆ. ಒಂದು ಗಂಟೆ ಬಿಟ್ಟರೆ ಇನ್ನೂ ನಿಖರ.

ಜನ ತಪ್ಪು ಮಾಡುವುದು ಇಲ್ಲೇ. ಹತ್ತು ಸೆಕೆಂಡ್ ಹಿಡಿಯುತ್ತಾರೆ, ಪರದೆಯ ಅಂಕಿ ಜಿಗಿಯುತ್ತದೆ, ಫೋಟೋ ತೆಗೆದು ಹಂಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗ್ರಾನೈಟ್ ಮೇಲೆ ಹತ್ತು ನಿಮಿಷ, ಮರದ ಮೇಜಿನ ಮೇಲೆ ಹತ್ತು ನಿಮಿಷ ಇಡಿ. ಆಮೇಲೆ ಹೋಲಿಸಿ.

ಇನ್ನು ಆ 0.16 ಮೈಕ್ರೋಸೀವರ್ಟ್. ಅದನ್ನು ಕೊಳವೆ ಅಳೆದಿಲ್ಲ. ಬೋರ್ಡು ನಿಮಿಷದ ಎಣಿಕೆಯನ್ನು 150 ಚಿಲ್ಲರೆಯಿಂದ ಭಾಗಿಸಿ ತೋರಿಸುತ್ತದೆ, ಅಷ್ಟೇ. ಆ ಭಾಜಕ ಸೀಸಿಯಂ-137ರ ಗಾಮಾಗೆ ಹೊಂದುವಂಥದ್ದು. ಬೇರೆ ಬಲದ ಕಿರಣ ಬಂದರೆ ಉತ್ತರ ತಪ್ಪುತ್ತದೆ. ಕಡಿಮೆ ಬಲದ ಗಾಮಾಗೆ ಬೆತ್ತಲೆ ಕೊಳವೆ ಹಲವು ಪಟ್ಟು ಜಾಸ್ತಿ ತೋರಿಸಬಹುದು. ಅದಕ್ಕೇ ಒಳ್ಳೆಯ ಮೀಟರ್‌ಗಳಲ್ಲಿ ಕೊಳವೆಗೆ ತವರ ಅಥವಾ ಸೀಸದ ತೆಳು ಹೊದಿಕೆ ಹಾಕಿರುತ್ತಾರೆ.

ಹಾಗೆಯೇ ಮೇಲಿನ ತುದಿಯಲ್ಲೂ ಮಿತಿ ಇದೆ. ಕಣಗಳು ವಿಪರೀತ ಬಂದರೆ ಕೆಲವು ಹಳೆಯ ಮೀಟರ್‌ಗಳು ಸಿಡಿಯುತ್ತಲೇ ಇದ್ದು ಸೊನ್ನೆ ತೋರಿಸಿಬಿಡುತ್ತವೆ. 1986ರಲ್ಲಿ ಚೆರ್ನೋಬಿಲ್‌ನಲ್ಲಿ ಆ ರಾತ್ರಿ ಕೈಗೆ ಸಿಕ್ಕ ಮೀಟರ್‌ಗಳ ಗರಿಷ್ಠ ಅಂಕಿಯೇ ಗಂಟೆಗೆ 3.6 ರಾಂಟ್‌ಜನ್ (ಕಿರಣ ಅಳೆಯುವ ಹಳೆಯ ಮಾನ) ಆಗಿತ್ತು. ಮುಳ್ಳು ಕೊನೆಗೆ ಹೋಗಿ ನಿಂತಿತ್ತು. ನಿಜವಾದ ಮಟ್ಟ ಅದಕ್ಕಿಂತ ಸಾವಿರಾರು ಪಟ್ಟು ಮೇಲಿತ್ತು. ಮುಳ್ಳು ತುದಿಗೆ ತಾಗಿದೆ ಅಂದರೆ ಅದು ಅಳತೆ ಅಲ್ಲ, ಅಳತೆ ಮೀರಿತು ಅನ್ನುವ ಕೂಗು.

ಕಡಲಕರೆ

ನಮ್ಮ ಮನೆ ಉಳ್ಳಾಲದ ಹತ್ತಿರ. ಇಲ್ಲಿನ ಕಡಲ ದಂಡೆಯಲ್ಲಿ ಕೆಲವು ಕಡೆ ಮರಳು ಕಪ್ಪು ಕಪ್ಪಾಗಿದೆ. ಅದರಲ್ಲಿ ಮೊನಜೈಟ್ ಇದೆ, ಮೊನಜೈಟ್‌ನಲ್ಲಿ ಥೋರಿಯಂ ಇದೆ. ಕೇರಳದ ಚವರದಷ್ಟು ದೊಡ್ಡ ಪಟ್ಟಿ ಅಲ್ಲ, ತುಣುಕು ತುಣುಕು. ಮಂಗಳೂರು ವಿಶ್ವವಿದ್ಯಾಲಯದವರು ಇದನ್ನು ಅಳೆದು 1990ರ ದಶಕದಲ್ಲೇ ಪ್ರಕಟಿಸಿದ್ದಾರೆ. ಮೀಟರ್ ಹಿಡಿದು ನಡೆದರೆ ಬಿಳಿ ಮರಳಿನಿಂದ ಕಪ್ಪು ಮರಳಿಗೆ ಕಾಲಿಟ್ಟ ಕೂಡಲೇ ಸದ್ದು ಬದಲಾಗುತ್ತದೆ. ಕೇಳಿ ಅನುಭವಿಸಬೇಕು ಅದನ್ನು.

ಇನ್ನೊಂದು ಹೇಳಲೇಬೇಕು. ನಮ್ಮ ಅಜ್ಜನ ಕಾಲದಲ್ಲಿ ಬಯಲಾಟಕ್ಕೆ ಗ್ಯಾಸ್‌ಲೈಟ್ ಹಚ್ಚುತ್ತಿದ್ದರು. ಪೆಟ್ರೋಮ್ಯಾಕ್ಸ್. ಅದರ ಮ್ಯಾಂಟಲ್, ಆ ಬಿಳಿ ಜಾಲರಿ, ಥೋರಿಯಂನಲ್ಲಿ ಅದ್ದಿದ್ದು. ಅಟ್ಟದಲ್ಲಿ ಒಂದು ಹಳೆಯ ಪೊಟ್ಟಣ ಸಿಕ್ಕಿತು. ಬಿಚ್ಚದೆ ಹಾಗೇ ಕೊಳವೆ ಹತ್ತಿರ ತಂದೆ. ಮೀಟರ್ ಕಿರುಚಿಕೊಂಡಿತು. ರಾತ್ರಿಯಿಡೀ ಆ ಬೆಳಕಿನಲ್ಲಿ ಎಷ್ಟು ವೇಷಗಳು ಕುಣಿದಿರಬೇಕು! ಆ ಬೆಳಕು ಅಷ್ಟು ಬೆಳ್ಳಗೆ ಇದ್ದದ್ದೇ ಥೋರಿಯಂನಿಂದ.

ನಿವೃತ್ತ ಮೇಷ್ಟ್ರು

ಕಡಲಕರೆಯವರೇ, ಆ ಪೊಟ್ಟಣ ಬಿಚ್ಚದೇ ಇದ್ದದ್ದು ಒಳ್ಳೆಯದಾಯಿತು. ಸುಟ್ಟ ಮ್ಯಾಂಟಲ್ ಮುಟ್ಟಿದರೆ ಪುಡಿ ಆಗುತ್ತದೆ. ಆ ಪುಡಿ ಉಸಿರಿಗೆ ಹೋಗಬಾರದು.

ನಿಮ್ಮ ಕೊಳವೆಗೆ ಕೇಳಿಸಿದ್ದು ಬೀಟಾ ಮತ್ತು ಗಾಮಾ ಮಾತ್ರ. ಥೋರಿಯಂ ಮುಖ್ಯವಾಗಿ ಬಿಡುವುದು ಆಲ್ಫಾ. ಆಲ್ಫಾಕ್ಕೆ ಒಂದು ಕಾಗದದ ಹಾಳೆಯೇ ಗೋಡೆ. ಗಾಜು ದಾಟುವುದಂತೂ ಆಗದ ಮಾತು. ಆಲ್ಫಾ ಕಾಣಬೇಕಾದರೆ ತುದಿಯಲ್ಲಿ ಅಭ್ರಕದ ತೆಳು ಕಿಟಕಿ ಇರುವ ಕೊಳವೆ ಬೇಕು. ಬೆರಳು ತಾಗಿದರೆ ಹರಿಯುವಷ್ಟು ತೆಳು. ಹೊರಗಿದ್ದಾಗ ಆಲ್ಫಾ ಏನೂ ಮಾಡುವುದಿಲ್ಲ, ಚರ್ಮದ ಸತ್ತ ಪದರ ಸಾಕು ತಡೆಯಲು. ಒಳಗೆ ಹೋದರೆ ಅದೇ ಎಲ್ಲಕ್ಕಿಂತ ಕೆಟ್ಟದ್ದು. ನಿಮ್ಮ ಮೀಟರಿಗೆ ಕಾಣದ್ದೇ ಅದು.

ಹರಳು ಪ್ರಿಯ

ಮಂಗಳೂರಿನಲ್ಲಿ ಓದಿ ಈಗ ಜರ್ಮನಿಯಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಗೈಗರ್ ಕೊಳವೆಯ ಮುಂದಿನ ಮೆಟ್ಟಿಲಿನ ಬಗ್ಗೆ ಯಾರೂ ಬರೆದಿಲ್ಲ ಅಂತ ಬರೆಯುತ್ತಿದ್ದೇನೆ.

ಗಾಮಾ ಕಿರಣಕ್ಕೆ ಅನಿಲ ಅಂದರೆ ಬಯಲು ಇದ್ದ ಹಾಗೆ. ಹಾದು ಹೋಗಿಬಿಡುತ್ತದೆ. ಗೋಡೆಗೆ ಬಡಿದು ಎಲೆಕ್ಟ್ರಾನ್ ಒಳಗೆ ಬಿದ್ದರೆ ಮಾತ್ರ ಟಿಕ್. ನೂರರಲ್ಲಿ ಒಂದು ಸಿಕ್ಕರೆ ಹೆಚ್ಚು. ಅದಕ್ಕೆ ಬದಲು ಭಾರವಾದ ಹರಳನ್ನು ದಾರಿಗೆ ಅಡ್ಡ ಇಟ್ಟರೆ? 1948ರಲ್ಲಿ ರಾಬರ್ಟ್ ಹಾಫ್‌ಸ್ಟಾಡ್ಟರ್ ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೋಡೈಡ್ ಹರಳಿನಿಂದ ಮಾಡಿ ತೋರಿಸಿದ್ದು ಇದನ್ನೇ. ಗಾಮಾ ಒಳಗೆ ನಿಂತಾಗ ಹರಳು ಮಿನುಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಮಿಂಚು. ಹಿಂದೆ ಇರುವ ಫೋಟೋಮಲ್ಟಿಪ್ಲೈಯರ್ ಕೊಳವೆ ಅದನ್ನು ಹಿಡಿದು ಹತ್ತು ಲಕ್ಷ ಪಟ್ಟು ದೊಡ್ಡದು ಮಾಡುತ್ತದೆ. ಈಗ ಅದರ ಜಾಗಕ್ಕೆ ಉಗುರಿನಷ್ಟು ಸಿಲಿಕಾನ್ ಚಿಪ್ ಬಂದಿದೆ. ಜೇಬಿನಲ್ಲಿ ಇಡುವ ಮೀಟರ್‌ಗಳು ಅದರಿಂದಲೇ ಬಂದವು.

ನಿಜವಾದ ಸೊಗಸು ಇಲ್ಲಿದೆ. ಎಷ್ಟು ಬಲದ ಗಾಮಾ ಬಂತೋ ಅಷ್ಟು ಬೆಳಕು. ಮೇಷ್ಟ್ರ ಸರಪಟಾಕಿ ಹೇಳದ ವಿಷಯವನ್ನು ಹರಳು ಹೇಳುತ್ತದೆ. ಪ್ರತಿ ಮಿನುಗನ್ನೂ ತೂಗಿ ಗುಡ್ಡೆ ಹಾಕುತ್ತಾ ಹೋದರೆ ಸ್ವಲ್ಪ ಹೊತ್ತಿನಲ್ಲಿ ಪರದೆ ಮೇಲೆ ಗುಡ್ಡಗಳು ಮೂಡುತ್ತವೆ. 1461 ಕಿಲೋ ಎಲೆಕ್ಟ್ರಾನ್ ವೋಲ್ಟ್ ಜಾಗದಲ್ಲಿ ಎದ್ದರೆ ಅದು ಪೊಟ್ಯಾಸಿಯಂ-40. ಶಿರಸಿಯ ಗೊಬ್ಬರದ ಚೀಲ! 662 ಆದರೆ ಸೀಸಿಯಂ. 2615 ಆದರೆ ಥೋರಿಯಂ ವಂಶದ ಥ್ಯಾಲಿಯಂ-208, ಅಂದರೆ ಉಳ್ಳಾಲದ ಮರಳು ಮತ್ತು ಅಜ್ಜನ ಗ್ಯಾಸ್‌ಲೈಟ್. ಟಿಕ್ ಎಲ್ಲದಕ್ಕೂ ಒಂದೇ, ಗುಡ್ಡ ಮಾತ್ರ ಬೇರೆ ಬೇರೆ.

ಸೋಡಿಯಂ ಅಯೋಡೈಡ್ ಗುಡ್ಡಗಳು ಸ್ವಲ್ಪ ಅಗಲ, ಅಕ್ಕಪಕ್ಕದವು ಬೆರೆತುಬಿಡುತ್ತವೆ. ಇನ್ನೂ ಚೂಪಾಗಿ ಬೇಕಾದರೆ ಶುದ್ಧ ಜರ್ಮೇನಿಯಂ ಇದೆ. ಅದನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ತಣ್ಣಗಿಟ್ಟು ಓದಬೇಕು. ಮನೆಗೆ ತರುವ ವಸ್ತು ಅಲ್ಲ.

ಎಕ್ಸ್‌ರೇ ಕೋಣೆ

ನಾನು ಹದಿನಾರು ವರ್ಷದಿಂದ ಎಕ್ಸ್‌ರೇ ಟೆಕ್ನಿಷಿಯನ್. ನಮ್ಮ ಎದೆಯ ಮೇಲಿನ ಬ್ಯಾಡ್ಜ್ ಬಗ್ಗೆ ಯಾರೂ ಹೇಳಲಿಲ್ಲ.

ಅದರಲ್ಲಿ ಬ್ಯಾಟರಿ ಇಲ್ಲ, ಪರದೆ ಇಲ್ಲ, ಸದ್ದಿಲ್ಲ. ಒಳಗೆ ಮೂರು ಪುಟ್ಟ ಬಿಳಿ ಬಿಲ್ಲೆಗಳಿವೆ. ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್. ನಮ್ಮ ದೇಶದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ರೂಪಿಸಿದ ವ್ಯವಸ್ಥೆ ಇದು. ಒಂದು ಬಿಲ್ಲೆ ಲೋಹದ ಮರೆಯಲ್ಲಿ, ಒಂದು ಪ್ಲಾಸ್ಟಿಕ್ ಮರೆಯಲ್ಲಿ, ಒಂದು ತೆರೆದು. ಮೂರರ ವ್ಯತ್ಯಾಸ ನೋಡಿ ಬಂದದ್ದು ಬೀಟಾವೋ ಎಕ್ಸ್‌ರೇಯೋ ಗಾಮಾವೋ ಅಂತ ಅಂದಾಜು ಮಾಡುತ್ತಾರೆ. ಕಿರಣ ತಟ್ಟಿದಾಗ ಬಿಲ್ಲೆಯೊಳಗೆ ಎಲೆಕ್ಟ್ರಾನ್‌ಗಳು ಸಿಕ್ಕಿಬೀಳುತ್ತವೆ. ತಿಂಗಳುಗಟ್ಟಲೆ ಹಾಗೇ ಇರುತ್ತವೆ. ಮೂರು ತಿಂಗಳಿಗೊಮ್ಮೆ ಕಳಿಸಿದಾಗ ಅಲ್ಲಿ ಬಿಸಿ ಮಾಡುತ್ತಾರೆ. ಬಿಡುಗಡೆ ಆದ ಎಲೆಕ್ಟ್ರಾನ್ ಬೆಳಕಾಗಿ ಹೊರಬರುತ್ತದೆ. ಎಷ್ಟು ಬೆಳಕೋ ಅಷ್ಟು ಡೋಸ್. ನಮಗಿರುವ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು. ಸಾರ್ವಜನಿಕರಿಗೆ 1.

ಒಂದು ನೋವಿನ ವಿಷಯ ಹೇಳುತ್ತೇನೆ. ನಾನು ಮೊದಲು ಕೆಲಸ ಮಾಡಿದ ಒಂದು ಕಡೆ ಬ್ಯಾಡ್ಜ್‌ಗಳನ್ನು ಮೇಜಿನ ಡ್ರಾಯರ್‌ನಲ್ಲೇ ಇಟ್ಟಿರುತ್ತಿದ್ದರು. ತಪಾಸಣೆ ದಿನ ಮಾತ್ರ ಹೊರಗೆ. ಮೂರು ತಿಂಗಳಿಗೊಮ್ಮೆ ಡ್ರಾಯರ್‌ನ ಡೋಸ್ ನಮ್ಮ ಹೆಸರಿನಲ್ಲಿ ದಾಖಲಾಗುತ್ತಿತ್ತು. ಎರಡು ವರ್ಷ ನನ್ನ ಮೈಗೆ ನಿಜವಾಗಿ ಎಷ್ಟು ತಟ್ಟಿತು ಅಂತ ಈಗ ಯಾರೂ ಹೇಳಲಾರರು. ಈ ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಓದುತ್ತಿದ್ದರೆ ಬ್ಯಾಡ್ಜ್ ಎದೆ ಮೇಲೆ ಹಾಕಿಕೊಳ್ಳಿ, ಸೀಸದ ಏಪ್ರನ್ ಒಳಗಡೆ. ಯಾರು ಏನೇ ಅನ್ನಲಿ.

ಇನ್ನೊಂದು. ಕೆಲವರು ಗೈಗರ್ ಕಿಟ್ ತಂದು ಎಕ್ಸ್‌ರೇ ಕೋಣೆ ಬಾಗಿಲಲ್ಲಿ ಹಿಡಿದು, ಏನೂ ತೋರಿಸಲಿಲ್ಲ, ಸೇಫ್ ಅನ್ನುತ್ತಾರೆ. ಎಕ್ಸ್‌ರೇ ಹೊಡೆಯುವುದು ಸೆಕೆಂಡಿನ ಹತ್ತನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಕೋಟಿ ಕಣ ಒಟ್ಟಿಗೆ ಬಂದರೂ ಆ ಹೊತ್ತಿನಲ್ಲಿ ಕೊಳವೆ ಕೆಲವು ನೂರು ಸಲವಷ್ಟೇ ಸಿಡಿಯಬಲ್ಲದು. ಅದನ್ನು ಅಳೆಯಲು ಅಯಾನ್ ಚೇಂಬರ್ ತರುತ್ತಾರೆ. ಅದು ಒಂದೊಂದನ್ನೇ ಎಣಿಸುವುದಿಲ್ಲ, ಒಟ್ಟು ಹರಿದ ವಿದ್ಯುತ್ತನ್ನು ಅಳೆಯುತ್ತದೆ.

ಕಾಳಿ ನದಿ

ನಾವು ಕಾರವಾರದವರು. ಕೈಗಾ ಸ್ಥಾವರ ದೂರ ಇಲ್ಲ. ನಾನೂ ಇಂಥ ಕಿಟ್ ತಂದು ಹಿತ್ತಲಲ್ಲಿ ಇಟ್ಟರೆ ಏನಾದರೂ ಸೋರಿದರೆ ತಿಳಿಯುತ್ತಾ? ಮಳೆ ಶುರುವಾದಾಗ ಅಂಕಿ ಏರುತ್ತದೆ ಅಂತ ಒಬ್ಬರು ಹೇಳಿದರು. ಅದು ಸ್ಥಾವರದಿಂದಲಾ?

ಹರಳು ಪ್ರಿಯ

ಮಳೆಯದು ಸ್ಥಾವರದಿಂದ ಅಲ್ಲ. ನೆಲದ ಯುರೇನಿಯಂನಿಂದ ರೇಡಾನ್ ಅನಿಲ ಹುಟ್ಟಿ ಗಾಳಿಗೆ ಸೇರುತ್ತದೆ. ಅದು ಸಿಡಿದು ಆಗುವ ಮರಿ ಧಾತುಗಳು ಧೂಳಿಗೆ ಅಂಟಿಕೊಂಡು ತೇಲುತ್ತಿರುತ್ತವೆ. ಮಳೆ ಅವನ್ನು ತೊಳೆದು ಕೆಳಗೆ ತರುತ್ತದೆ. ಮಳೆ ಬಂದ ಕೂಡಲೇ ಕಾರಿನ ಮೇಲ್ಮೈ ಕಾಗದದಿಂದ ಒರೆಸಿ ಕೊಳವೆ ಹತ್ತಿರ ಇಡಿ. ಮೊದಲು ಏರುತ್ತದೆ. ಅರ್ಧ ಗಂಟೆಗೊಮ್ಮೆ ಸುಮಾರು ಅರ್ಧಕ್ಕೆ ಇಳಿಯುತ್ತಾ ಬರುತ್ತದೆ. ಮೂರು ಗಂಟೆಯಲ್ಲಿ ಏನೂ ಇರುವುದಿಲ್ಲ. ಆ ಇಳಿಕೆಯ ವೇಗವೇ ಅದು ರೇಡಾನ್ ಮರಿ ಅನ್ನುವುದಕ್ಕೆ ಗುರುತು.

ಸೋರಿಕೆ ಬಗ್ಗೆ ನೇರವಾಗಿ ಹೇಳುತ್ತೇನೆ. ಗಾಮಾ ಬಿಡುವ ವಸ್ತು ದೊಡ್ಡ ಪ್ರಮಾಣದಲ್ಲಿ ಬಂದರೆ ನಿಮ್ಮ ಕಿಟ್ ಹೇಳುತ್ತದೆ. ಟ್ರಿಟಿಯಂ, ಅಂದರೆ ಸಿಡಿಯುವ ಜಾತಿಯ ಹೈಡ್ರೋಜನ್, ಆದರೆ ಹೇಳುವುದಿಲ್ಲ.

ಕೈಗಾದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ, ಎಲ್ಲವೂ ಭಾರಜಲ ಬಳಸುವಂಥವು. ಭಾರಜಲದ ಡ್ಯುಟೀರಿಯಂ ಒಂದು ನ್ಯೂಟ್ರಾನ್ ನುಂಗಿದರೆ ಟ್ರಿಟಿಯಂ. ಅದು ಬಿಡುವ ಬೀಟಾ ಎಷ್ಟು ದುರ್ಬಲ ಅಂದರೆ ಗಾಳಿಯಲ್ಲಿ ಕೆಲವೇ ಮಿಲಿಮೀಟರ್ ಹೋಗಿ ನಿಲ್ಲುತ್ತದೆ. ಗಾಜಿನ ಕೊಳವೆ ಇರಲಿ, ಅಭ್ರಕದ ಕಿಟಕಿಯನ್ನೂ ದಾಟುವುದಿಲ್ಲ. 2009ರ ನವೆಂಬರ್‌ನಲ್ಲಿ ಅಲ್ಲಿ ಏನಾಯಿತು ಅಂತ ನಿಮಗೆ ನೆನಪಿರಬಹುದು. ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಬೆರೆತ ನೀರನ್ನು ಯಾರೋ ಸೇರಿಸಿದ್ದರು. ಸುಮಾರು 55 ಕೆಲಸಗಾರರ ಮೈಗೆ ಸೇರಿತು. ಗೊತ್ತಾದದ್ದು ಮೂತ್ರ ಪರೀಕ್ಷೆಯಲ್ಲಿ. ಅಲ್ಲಿನ ಕೆಲಸಗಾರರು ಆಗಾಗ ಮಾದರಿ ಕೊಡಬೇಕು. ಅದನ್ನು ಮಿನುಗುವ ದ್ರವದಲ್ಲಿ ಬೆರೆಸುತ್ತಾರೆ. ಕಣಕ್ಕೆ ಗೋಡೆ ದಾಟುವ ಕೆಲಸವೇ ಇಲ್ಲ, ಹುಟ್ಟಿದ ಜಾಗದಲ್ಲೇ ಬೆಳಕಾಗುತ್ತದೆ. ಎರಡು ಬದಿಯಿಂದ ಎರಡು ಫೋಟೋಮಲ್ಟಿಪ್ಲೈಯರ್ ಕಾಯುತ್ತಿರುತ್ತವೆ. ಎರಡಕ್ಕೂ ಒಟ್ಟಿಗೆ ಕಂಡರೆ ಮಾತ್ರ ಲೆಕ್ಕ.

ಹಾಗಾಗಿ ಹಿತ್ತಲಲ್ಲಿ ಕಿಟ್ ಇಡಿ, ಒಳ್ಳೆಯದೇ. ವರ್ಷವಿಡೀ ಅಂಕಿ ಬರೆದಿಡಿ. ಆದರೆ ನೀರಿನ ಬಗ್ಗೆ ಅದರ ಮಾತು ನಂಬಬೇಡಿ.

ಗಣಿ ಸೈರನ್

ಎರಡು ಸಾಧನಕ್ಕೆ ಒಟ್ಟಿಗೆ ಕಂಡರೆ ಮಾತ್ರ ಲೆಕ್ಕ ಅನ್ನುವ ಮಾತು ಓದಿ ಬರೆಯದೆ ಇರಲಾಗಲಿಲ್ಲ. ನಾನು ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವನು. ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ಚಿನ್ನದ ಕಥೆ ಎಲ್ಲರಿಗೂ ಗೊತ್ತು. ಅದೇ ಸುರಂಗದಲ್ಲಿ ವಿಜ್ಞಾನಿಗಳು ಕಣ ಎಣಿಸುತ್ತಿದ್ದರು ಅನ್ನುವುದು ನಮ್ಮೂರಿನ ಮಕ್ಕಳಿಗೇ ಗೊತ್ತಿಲ್ಲ.

ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲೇ ಗೈಗರ್ ಕೊಳವೆಗಳನ್ನು ಗಣಿಗೆ ಇಳಿಸಿದರು. ಕೆಳಗೆ ಹೋದ ಹಾಗೆ ಕಾಸ್ಮಿಕ್ ಕಿರಣ ಗಾಳಿಗೆ ಬಡಿದಾಗ ಹುಟ್ಟುವ ಮ್ಯುವಾನ್ ಕಣ ಎಷ್ಟು ಕಡಿಮೆ ಆಗುತ್ತದೆ ಅಂತ ಅಳೆದರು. ಆಮೇಲೆ 1965ರಲ್ಲಿ ದೊಡ್ಡದೊಂದು ಆಯಿತು. ಟಾಟಾ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನವರು ಸೇರಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಎರಡು ಗೋಡೆ ಕಟ್ಟಿದರು. ಮಿನುಗುವ ಪ್ಲಾಸ್ಟಿಕ್ ಹಲಗೆಗಳ ಗೋಡೆ, ನಡುವೆ ನಿಯಾನ್ ಕೊಳವೆಗಳು. ಗೋಡೆ ಯಾಕೆ ನೆಟ್ಟಗೆ ನಿಲ್ಲಿಸಿದರು ಗೊತ್ತಾ? ಅಷ್ಟು ಆಳಕ್ಕೆ ಬರುವ ಮಾಮೂಲಿ ಮ್ಯುವಾನ್ ನೆತ್ತಿ ಮೇಲಿಂದ ಮಾತ್ರ ಬರಲು ಸಾಧ್ಯ. ಅಡ್ಡದಿಂದ ಬಂದು ಎರಡೂ ಗೋಡೆ ದಾಟಿದ್ದು ಅಂದರೆ ಅದು ಬಂಡೆಯೊಳಗೆ ನ್ಯೂಟ್ರಿನೋ ಹುಟ್ಟಿಸಿದ್ದು. ನ್ಯೂಟ್ರಿನೋ ಅಂದರೆ ಬಂಡೆಯನ್ನೂ ಸಲೀಸಾಗಿ ದಾಟುವ, ಹಿಡಿಯಲು ಬಹಳ ಕಷ್ಟದ ಕಣ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋವನ್ನು ಮೊದಲು ಕಂಡ ಜಾಗಗಳಲ್ಲಿ ನಮ್ಮೂರು ಒಂದು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಕಂಡರು.

1980ರಿಂದ ಪ್ರೋಟಾನ್ ಸಾಯುತ್ತದೆಯೇ ಅಂತ ಕಾದರು. 140 ಟನ್ ಕಬ್ಬಿಣ, ಅದರ ನಡುನಡುವೆ ಸುಮಾರು 1600 ಪ್ರಪೋರ್ಷನಲ್ ಕೌಂಟರ್. ಅದೂ ಗೈಗರ್‌ನ ಅಣ್ಣತಮ್ಮನೇ. ಅನಿಲ, ತಂತಿ ಎಲ್ಲ ಇದೆ. ಸಿಡಿತವನ್ನು ಹದದಲ್ಲಿ ಇಡುವುದರಿಂದ ಬಂದ ಕಣ ಎಷ್ಟು ಬಲದ್ದು ಅಂತಲೂ ತಿಳಿಯುತ್ತದೆ. ಗಣಿ 2001ರಲ್ಲಿ ಮುಚ್ಚಿತು. ಈಗ ಆ ಸುರಂಗದಲ್ಲಿ ನೀರು.

ಬೆಸುಗೆ ಕಡ್ಡಿ

ಎಂಥಾ ವಿಷಯ ಹೇಳಿದಿರಿ. ಮಹಡಿ ಮನೆಯವರೇ, ಇದರ ಪುಟ್ಟ ರೂಪ ನಿಮ್ಮ ಮನೆಯಲ್ಲೇ ಮಾಡಬಹುದು. ಇನ್ನೊಂದು ಕೊಳವೆ ತರಿಸಿ ಮೊದಲನೆಯದರ ಮೇಲೆ ಅಡ್ಡಡ್ಡ ಇಡಿ. ಎರಡೂ ಒಟ್ಟಿಗೆ ಟಿಕ್ ಅಂದಾಗ ಮಾತ್ರ ಎಣಿಸುವ ಸಣ್ಣ ಸರ್ಕ್ಯೂಟ್ ನಾನು ಬರೆದು ಕೊಡುತ್ತೇನೆ. ಗ್ರಾನೈಟಿನ ಗಾಮಾ ಎರಡಕ್ಕೂ ಒಟ್ಟಿಗೆ ತಾಗುವುದು ಬಹಳ ಅಪರೂಪ. ಮ್ಯುವಾನ್ ಎರಡನ್ನೂ ತೂರಿಕೊಂಡು ಹೋಗುತ್ತದೆ. ಆಕಾಶದ ಪಾಲು, ನೆಲದ ಪಾಲು ಬೇರೆ ಬೇರೆ ಕಾಣುತ್ತದೆ.

ಮಹಡಿ ಮನೆ

ದಯವಿಟ್ಟು ಬರೆದು ಕೊಡಿ. ಇನ್ನೊಂದು ಕೊಳವೆ ಇವತ್ತೇ ತರಿಸಿದೆ.

ಹತ್ತು ನಿಮಿಷದ ಎಣಿಕೆ ಮಾಡಿದೆವು. ಮರದ ಮೇಜು: 246. ಗ್ರಾನೈಟ್ ಕಟ್ಟೆ: 371. ಕಟ್ಟೆಯಿಂದ ಒಂದು ಅಡಿ ಮೇಲೆ: 289. ವರ್ಗಮೂಲ ಮಗಳೇ ತೆಗೆದಳು, ಕ್ಯಾಲ್ಕುಲೇಟರ್‌ನಲ್ಲಿ. ಕೊಳವೆಗೆ ಅವಳ ಹಳೆಯ ಶಾಲೆ ಸಾಕ್ಸ್ ತೊಡಿಸಿದ್ದೇವೆ, ಕಪ್ಪು ಬಣ್ಣದ್ದು. ಈಗ ಬಿಸಿಲಿನಲ್ಲೂ 25ರ ಆಸುಪಾಸೇ ಬರುತ್ತದೆ. ಸಂಜೆ ಅವಳು ಮತ್ತೆ ತಾರಸಿಗೆ ಹೋಗಿದ್ದಾಳೆ. ಮುಂದಿನ ವಾರ ಅಜ್ಜಿ ಮನೆಗೆ ಹೋಗುವಾಗ ಕಿಟ್ ಒಯ್ಯುತ್ತಾಳಂತೆ. ಅಲ್ಲಿ ಪೊಟ್ಯಾಷ್ ಚೀಲ ಇದೆ, ಮೊದಲ ಮಳೆಯೂ ಬರುವ ಹೊತ್ತು.